ಸಹಾಯ ಬೇಕು: ಯಾದಗಿರಿಯ ರಿವಾಯತ್ ಪದಗಳ ಕ್ಯಾಸೆಟ್, ಬಿ ಸೈಡ್

ಎಲ್ಲರಿಗೂ ನಮಸ್ಕಾರ್ರಿ. ಮೊಹರಂದಾಗ ಹಾಡೋ ರಿವಾಯತ್ ಪದಗಳ ಈ ಕ್ಯಾಸೆಟ್‌ನ ಇನ್ನೊಂದು ಪ್ರತಿ ಯಾರ ಮನೆಯಲ್ಲಾದರೂ ಅದ ಏನು? ಕೈಲಿರೋದು ಸಿ-60, ಅಂದ್ರೆ ಎರಡೂ ಬದಿ ಸೇರಿ 60 ನಿಮಿಷದ್ದು. ಎ ಸೈಡ್‌ನ 30 ನಿಮಿಷ ಪೂರ್ತಿ ಅದ. ಬಿ ಸೈಡ್ ಮೇಲೆ ಯಾರೋ ಮದುವೆ ಬ್ಯಾಂಡ್ ತುಂಬಿಸಿದ್ದಾರೆ. ಮತ್ತೆ ರೆಕಾರ್ಡ್ ಆಗದಂತೆ ಹಿಂದಿನ ಅಂಚಿನ ಹಲ್ಲು ಮುರಿದಿದ್ದರು; ಆ ತೂತು ಮುಚ್ಚಿ ರೆಕಾರ್ಡ್ ಮಾಡಲು ಸೆಲೋಟೇಪ್ ಅಂಟಿಸಿದ ಗುರುತು ಇನ್ನೂ ಕಾಣ್ತದ.

ಲೇಬಲ್ ಮೇಲೆ ‘ಯಾದಗಿರಿ, ಜಿ. ಗುಲಬರ್ಗಾ’ ಅಂತದ. ಯಾದಗಿರಿ ಬೇರೆ ಜಿಲ್ಲೆ ಆಗಿದ್ದು 2010ರ ಹೊತ್ತಿಗೆ, ಹಂಗಾಗಿ ಅದಕ್ಕಿಂತ ಹಳೇದಿರಬೇಕು. ಹಳೆ ಲೇಬಲ್ ದಾಸ್ತಾನು ಬಳಸೋರೂ ಇದ್ದರು, ಇದನ್ನೇ ಪುರಾವೆ ಅನ್ನಬ್ಯಾಡ್ರಿ.

ಸಿಕ್ಕರೆ ತಕ್ಷಣ ಹಾಕಿ ಕೇಳಬೇಡಿ. ಟೇಪಿನ ಅಂಚಿಗೆ ಬಿಳಿ ಬೂಸ್ಟಿದ್ದರೆ ಪ್ಲೇಯರ್‌ಗೆ ಹಾಕಲೇಬೇಡಿ, ಟೇಪ್ ಓದುವ ಹೆಡ್ ಕೆಟ್ಟು ಮುಂದಿನ ಕ್ಯಾಸೆಟ್‌ಗೂ ಹತ್ತುತ್ತದೆ. ನಡುವಿನ ಉಣ್ಣೆಯ ಚಿಕ್ಕ ಪ್ಯಾಡ್ ಬಿದ್ದಿದ್ದರೆ ಶಬ್ದ ಕ್ಷೀಣ ಬರ್ತದ. ಹಂಗಿದ್ದರೆ ಸ್ಕ್ರೂ ಇರೋ ಬೇರೆ ಕ್ಯಾಸೆಟ್‌ನ ಖಾಲಿ ಹೊರಕವಚಕ್ಕೆ ಟೇಪ್ ಸುರುಳಿ ಬದಲಿಸಿ. ಒಂದು ಸಲ ಪೆನ್ಸಿಲ್‌ನಿಂದ ಸಡಿಲ ತೆಗೆದು, ಕೊನೇವರೆಗೆ ಸುತ್ತಿ ವಾಪಸ್ ತನ್ನಿ. ದನಿ ಮಬ್ಬಾಗಿದ್ದರೆ ಹೆಡ್ ಪಕ್ಕದ ಸಣ್ಣ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ, ಹಲಗಿಯ ಏಟು ಸ್ಪಷ್ಟವಾದಲ್ಲಿ ನಿಲ್ಲಿಸಿ.

ಕಂಪ್ಯೂಟರ್‌ಗೆ ಇಳಿಸುವಾಗ 24 ಬಿಟ್ ವೇವ್ (WAV) ಫೈಲ್ ಸಾಕು, ಎಂಪಿ3 ಬೇಡ, ಹಿನ್ನೆಲೆಯ ಗರಗರ ಸದ್ದು ಅಳಿಸೋದೂ ಬೇಡ. ಕ್ಯಾಸೆಟ್ ಪೆಟ್ಟಿಗೆಯೊಳಗಿನ ಇನ್‌ಲೇ ಕಾರ್ಡ್‌ನ ಎರಡೂ ಬದಿ ಫೋಟೋ ಹಾಕ್ರಿ.