ಪ್ರಶ್ನೋತ್ತರ: ನೀರಿನಲ್ಲಿನ ವಿಷ ಅಯಾನು ಮತ್ತು ಹೊಳೆಯುವ ಸಂವೇದಕಗಳು

(ಉತ್ತರಿಸುವವರು: ವಿಶ್ಲೇಷಣಾ ರಸಾಯನಶಾಸ್ತ್ರಜ್ಞೆ ಶೈಲಜಾ ಮೇಡಂ)

ರಘು: ಮೇಡಂ, ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟಾಗ ನೀರು ಹೊಳೆಯದಿದ್ದರೆ ವಿಷ ಇಲ್ಲ ಅಂತ ಫಾರ್ವರ್ಡ್ ಬಂದಿದೆ. ನಿಜವಾ?

ಶೈಲಜಾ: ಸುಳ್ಳು. ನೀರಿನಲ್ಲಿ ಕರಗಿರುವ ಸೀಸ, ಆರ್ಸೆನಿಕ್, ಪಾದರಸ ಆ ಬೆಳಕಿಗೆ ತಾವಾಗಿ ಹೊಳೆಯುವುದಿಲ್ಲ. ಅವನ್ನು ಹಿಡಿಯುವ ಸಂವೇದಕ ಅಣು ಬೇಕು. ಹಿಡಿದಾಗ ಹೊಳೆಯುವುದೋ ಆರುವುದೋ ಆ ಅಣು. ಕೊಳೆತ ಎಲೆಯಿಂದ ಬಂದ ಹ್ಯೂಮಿಕ್ ಪದಾರ್ಥಕ್ಕೂ ನೀರು ನೀಲಿಯಾಗಿ ಹೊಳೆಯಬಹುದು. ದಯವಿಟ್ಟು ಹರಡಬೇಡಿ.

ಅನಿತಾ: ನಾನು ಸಂಶೋಧನಾ ವಿದ್ಯಾರ್ಥಿನಿ. ನನ್ನ ರೋಡಮೈನ್ (ಹೊಳೆಯುವ ಬಣ್ಣದ ಅಣು) ಸಂವೇದಕ ಶುದ್ಧ ನೀರಿನಲ್ಲಿ ಪಾದರಸಕ್ಕೆ ಮಾತ್ರ ಹೊಳೆಯುತ್ತದೆ, ಬೇರೆ ಲೋಹಗಳಿಗೆ ಇಲ್ಲ. ಕೆರೆ ನೀರಿಗೆ ಅಷ್ಟೇ ಪಾದರಸ ಹಾಕಿದರೆ ಹೊಳಪೇ ಬರುತ್ತಿಲ್ಲ. ಯಾಕೆ?

ಶೈಲಜಾ: ಬಫರ್, ಅಂದರೆ ನೀರಿನ ಪಿಎಚ್ (ಆಮ್ಲೀಯತೆಯ ಅಳತೆ) ಬದಲಾಗದಂತೆ ಹಿಡಿಯುವ ದ್ರಾವಣ, ಹಾಕಿದ್ದೀರಾ? ಪಾದರಸದ ದ್ರಾವಣ ಎಲ್ಲಿಯದು?

ಅನಿತಾ: ಬಫರ್ ಇಲ್ಲ. ಪಾದರಸ ನೈಟ್ರಿಕ್ ಆಮ್ಲದಲ್ಲಿರುವ ಸ್ಟ್ಯಾಂಡರ್ಡ್ (ಸಾಂದ್ರತೆ ಗೊತ್ತಿರುವ ದ್ರಾವಣ). ಉಳಿದವು ಲವಣಗಳನ್ನು ನೀರಿನಲ್ಲಿ ಕರಗಿಸಿದ್ದು.

ಶೈಲಜಾ: ಹಾಗಾದರೆ ಪಾದರಸಕ್ಕಿಂತ ಮೊದಲು ಆಮ್ಲವನ್ನು ಅನುಮಾನಿಸಿ. ಅಣುವಿನೊಳಗಿನ ಉಂಗುರ ಮುಚ್ಚಿರುವಾಗ ರೋಡಮೈನ್‌ಗೆ ಬಣ್ಣವೂ ಇಲ್ಲ, ಹೊಳಪೂ ಇಲ್ಲ. ಪಾದರಸ ಉಂಗುರ ತೆರೆದರೆ ಗುಲಾಬಿ ಬಣ್ಣ, ಕಿತ್ತಳೆ ಹೊಳಪು. ಆದರೆ ಆಮ್ಲ ಹೆಚ್ಚಾಗಿ ಪಿಎಚ್ ಸಾಕಷ್ಟು ಇಳಿದರೆ ಲೋಹವೇ ಇಲ್ಲದೆ ಅದೇ ಉಂಗುರ ತೆರೆಯುತ್ತದೆ. ಕೆರೆ ನೀರಿನ ಬೈಕಾರ್ಬೊನೇಟ್ ನಿಮ್ಮ ಆಮ್ಲವನ್ನು ನುಂಗಿರಬಹುದು, ಅದಕ್ಕೇ ಅಲ್ಲಿ ಕತ್ತಲು. ಪಾದರಸವಿಲ್ಲದೆ ಅಷ್ಟೇ ಆಮ್ಲ ಹಾಕಿ ನೋಡಿ. ಆಮೇಲೆ ಎರಡೂ ನೀರನ್ನು ಹೆಪೆಸ್ ಬಫರ್‌ನಲ್ಲಿ ಪಿಎಚ್ 7.2ಕ್ಕೆ ತಂದು ಪಾದರಸ ಹಾಕಿ. ಶುದ್ಧ ನೀರು ಹೊಳೆದು ಕೆರೆ ನೀರು ಹೊಳೆಯದಿದ್ದರೆ, ಕ್ಲೋರೈಡ್ ಅಥವಾ ಸಾವಯವ ಗಂಧಕ ಪಾದರಸವನ್ನು ಹಿಡಿದಿಟ್ಟಿರಬಹುದು. ಎರಡೂ ಹೊಳೆಯದಿದ್ದರೆ ‘ಪಾದರಸಕ್ಕೆ ಮಾತ್ರ’ ಎಂದು ತೋರಿಸುವ ನಿಮ್ಮ ಆಯ್ಕೆಶೀಲತೆಯ ಚಿತ್ರವನ್ನೇ ಪ್ರಬಂಧದಿಂದ ತೆಗೆದುಹಾಕಬೇಕು. ಪ್ರಬಂಧ ಕಳಿಸುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು.

ವಸಂತ: ಲೋಹಗಳನ್ನು ಅಳೆಯುವ ಲ್ಯಾಬ್ ಯಂತ್ರ ಐಸಿಪಿ-ಎಂಎಸ್ ಇರುವಾಗ ಇದೆಲ್ಲ ಪ್ರಬಂಧ ಬರೆಯೋಕೆ ಅಷ್ಟೇ.

ಇಕ್ಬಾಲ್: ನಿಮ್ಮ ಯಂತ್ರ ಬದುಕಿರುವ ಜೀವಕೋಶದೊಳಗೆ ನೋಡುತ್ತದಾ? 1985ರಲ್ಲೇ ವಿಜ್ಞಾನಿ ರೋಜರ್ ತ್ಸಿಯೆನ್ ತಂಡದ ಫ್ಯೂರಾ-2 ಎಂಬ ಹೊಳೆಯುವ ಸಂವೇದಕ ಕ್ಯಾಲ್ಸಿಯಂ ಏರಿಳಿತ ತೋರಿಸಿತ್ತು.

ವಸಂತ: ಕ್ಯಾಲ್ಸಿಯಂ ವಿಷವಲ್ಲ. ವಿಷಯಕ್ಕೆ ಬನ್ನಿ.

ಇಕ್ಬಾಲ್: ತತ್ವ ಒಂದೇ ಸ್ವಾಮಿ. ಓದಿ ಬನ್ನಿ.

ಮಂಜುಳಾ: ತಾಮ್ರಕ್ಕೆ ಹೊಳಪು ಆರುವ ಸಂವೇದಕ ನಂಬಬಹುದಾ?

ಶೈಲಜಾ: ಎಚ್ಚರದಿಂದ. ಹೊಳಪು ಆರಿಸಲು ಕಬ್ಬಿಣಕ್ಕೂ ಬರುತ್ತದೆ, ಕೆಸರಿಗೂ ಬರುತ್ತದೆ.

ಗಿರೀಶ: ಕ್ವಾಂಟಮ್ ಡಾಟ್ (ಹೊಳೆಯುವ ಅತಿಸೂಕ್ಷ್ಮ ಕಣ) ಹಚ್ಚಿದ ಪರೀಕ್ಷಾ ಕಾಗದಪಟ್ಟಿಯನ್ನು ಮತ್ತೆ ಬಳಸಬಹುದಾ?

ಲತಾ: ಟಾರ್ಚ್‌ಗೆ ನೀರು ಹೊಳೆಯಲಿಲ್ಲ, ಸೇಫ್ ತಾನೆ?

ಶೈಲಜಾ: ಮೇಲೆ ರಘು ಅವರಿಗೆ ಕೊಟ್ಟ ಉತ್ತರ ನೋಡಿ.

ಲತಾ: ನಮ್ಮ ಬೋರ್‌ವೆಲ್‌ನಲ್ಲಿ ಆರ್ಸೆನಿಕ್ ಇದೆ ಅಂತ ವರದಿ ಬಂದಿತ್ತು. ಚೆನ್ನಾಗಿ ಕುದಿಸಿ ಮಕ್ಕಳಿಗೆ ಕೊಡುತ್ತಿದ್ದೇವೆ. ಫಾರ್ವರ್ಡ್‌ನಲ್ಲಿ ಹಾಗೇ ಇತ್ತು.

ಶೈಲಜಾ: ಇವತ್ತೇ ನಿಲ್ಲಿಸಿ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಅದರ ಸಾಂದ್ರತೆ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಕುಡಿಯಲು, ಅಡುಗೆಗೆ ಬೇರೆ ಪರೀಕ್ಷಿಸಿದ ಮೂಲದ ನೀರು ತನ್ನಿ. ವರದಿಯಲ್ಲಿರುವ ಅಂಕಿ ಇಲ್ಲಿ ಹಾಕಿ, ಮಕ್ಕಳನ್ನು ವೈದ್ಯರಿಗೆ ತೋರಿಸಿ, ಆ ವರದಿಯನ್ನೂ ಒಯ್ಯಿರಿ.

ವಸಂತ: ನೋಡಿ, ಕೊನೆಗೆ ಲ್ಯಾಬ್ ವರದಿಯೇ ಬೇಕಾಯ್ತು.

ಶೈಲಜಾ: ವಸಂತ ಅವರೇ, ಇಲ್ಲಿ ಮಕ್ಕಳ ವಿಷಯ ನಡೆಯುತ್ತಿದೆ. ಸಾಕು ಮಾಡಿ. ಲತಾ ಅವರೇ, ಅಂಕಿ ಎಷ್ಟಿತ್ತು?