ಪದಚರ್ಚೆ: ಬ್ರಿಟನ್ನಿನ ‘ಯೂನಿಯನ್’ಗೆ ಏನನ್ನೋಣ? ಒಕ್ಕೂಟವೋ, ವಿಲೀನವೋ, ಏಕೀಕರಣವೋ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಬ್ರಿಟನ್ನಿನ ರಾಜಕೀಯ ಇತಿಹಾಸದ ಮೇಲೆ ಒಂದು ಸಣ್ಣ ಪುಸ್ತಕ ಬರೆಯುತ್ತಿದ್ದೇನೆ. ಒಂದೇ ಪದ ಪುಟಪುಟಕ್ಕೂ ಅಡ್ಡ ಬರುತ್ತಿದೆ: ಯೂನಿಯನ್. ನಿಘಂಟು ತೆಗೆದರೆ ಒಕ್ಕೂಟ, ಸಂಘ, ಐಕ್ಯ, ಕೂಟ ಅಂತ ಸಾಲಾಗಿ ಸಿಗುತ್ತವೆ. ಪದಗಳಿಗೆ ಬರವಿಲ್ಲ. ಆದರೆ ಯಾವುದನ್ನು ಹಾಕಿದರೂ ಇತಿಹಾಸ ಒಂದು ಕಡೆಗೆ ವಾಲುತ್ತದೆ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು 1603. ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್ ಮಕ್ಕಳಿಲ್ಲದೆ ತೀರಿಕೊಂಡಳು. ಸ್ಕಾಟ್ಲೆಂಡಿನ ದೊರೆ ಆರನೇ ಜೇಮ್ಸ್‌ಗೆ ಇಂಗ್ಲೆಂಡಿನ ಪಟ್ಟವೂ ಬಂತು. ಇಲ್ಲಿ ಆರನೇ ಜೇಮ್ಸ್, ಅಲ್ಲಿ ಒಂದನೇ ಜೇಮ್ಸ್. ಮನುಷ್ಯ ಒಬ್ಬನೇ, ನಂಬರು ಎರಡು. ಪಾರ್ಲಿಮೆಂಟು, ಕಾನೂನು, ಚರ್ಚು ಎಲ್ಲವೂ ಎರಡೆರಡಾಗಿಯೇ ಉಳಿದವು. ಜೇಮ್ಸ್‌ಗೆ ಅದು ಸಾಕಾಗಲಿಲ್ಲ. 1604ರಲ್ಲಿ ತಾನು ಗ್ರೇಟ್ ಬ್ರಿಟನ್ನಿನ ದೊರೆ ಅಂತ ಸಾರಿಕೊಂಡ. 1606ರಲ್ಲಿ ಎರಡೂ ನಾಡಿನ ಶಿಲುಬೆಗಳನ್ನು ಒಂದರ ಮೇಲೊಂದು ಇಟ್ಟು ಹಡಗುಗಳಿಗೆ ಬಾವುಟ ಮಾಡಿಸಿದ. ಎರಡು ನಾಡನ್ನೂ ಒಂದು ಮಾಡುವ ಮಾತಿಗೆ ಮಾತ್ರ ಇಂಗ್ಲೆಂಡಿನ ಪಾರ್ಲಿಮೆಂಟು ಒಪ್ಪಲಿಲ್ಲ. ಹಾಗಾಗಿ ಮುಂದಿನ ನೂರು ವರ್ಷ, ನಡುವೆ ದೊರೆಯೇ ಇಲ್ಲದ ಕ್ರಾಮ್‌ವೆಲ್‌ನ ಕಾಲ ಬಿಟ್ಟರೆ, ದೊರೆ ಮಾತ್ರ ಒಬ್ಬ, ಉಳಿದದ್ದೆಲ್ಲ ಬೇರೆ ಬೇರೆ.

ಎಷ್ಟು ಬೇರೆ ಅಂದರೆ, 1688ರಲ್ಲಿ ಓಡಿಹೋದ ದೊರೆಯ ಬಗ್ಗೆ ಎರಡು ನಾಡೂ ಎರಡು ಮಾತು ಹೇಳಿದವು. ಅವನು ಇಂಗ್ಲೆಂಡಿಗೆ ಎರಡನೇ ಜೇಮ್ಸ್, ಸ್ಕಾಟ್ಲೆಂಡಿಗೆ ಏಳನೇ ಜೇಮ್ಸ್. ಇಂಗ್ಲೆಂಡಿನವರು ಅವನು ಪಟ್ಟ ತ್ಯಜಿಸಿದ ಅಂದರು. ಸ್ಕಾಟ್ಲೆಂಡಿನವರು 1689ರ ತಮ್ಮ ಹಕ್ಕೊತ್ತಾಯದಲ್ಲಿ, ಅವನು ಮಾಡಿದ ತಪ್ಪಿಗೆ ಪಟ್ಟದ ಹಕ್ಕನ್ನೇ ಕಳೆದುಕೊಂಡ ಅಂದರು. ಮೊದಲನೆಯದು ಮರ್ಯಾದೆಯ ಸುಳ್ಳು. ಎರಡನೆಯದು ನೇರ ಮಾತು. ನನಗೆ ಸ್ಕಾಟರದ್ದೇ ಜಾಸ್ತಿ ಇಷ್ಟ.

ಈಗ 1707, ಎರಡೂ ನಾಡು ಒಂದೇ ರಾಜ್ಯವಾದ ವರ್ಷ. ಇದಕ್ಕೆ ಕಾರಣ ಮತ್ತೆ ವಾರಸುದಾರರ ತಾಪತ್ರಯ. ರಾಣಿ ಆ್ಯನ್‌ಳ ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. ಇಂಗ್ಲೆಂಡು 1701ರಲ್ಲಿ ಸ್ಕಾಟ್ಲೆಂಡನ್ನು ಒಂದು ಮಾತೂ ಕೇಳದೆ, ಪಟ್ಟ ಜರ್ಮನಿಯ ಹ್ಯಾನೋವರ್ ಮನೆತನಕ್ಕೆ ಅಂತ ತೀರ್ಮಾನಿಸಿತು. ಸ್ಕಾಟ್ಲೆಂಡಿನ ಪಾರ್ಲಿಮೆಂಟು, ಹಾಗಾದರೆ ನಮ್ಮ ದೊರೆಯನ್ನು ನಾವೇ ಆರಿಸಿಕೊಳ್ಳುತ್ತೇವೆ ಅಂತ ಕಾನೂನು ಮಾಡಿತು. ಅದಕ್ಕೆ ಉತ್ತರವಾಗಿ 1705ರಲ್ಲಿ ಇಂಗ್ಲೆಂಡಿನ ಬೆದರಿಕೆ ಬಂತು: ಮಾತುಕತೆಗೆ ಬನ್ನಿ, ಇಲ್ಲದಿದ್ದರೆ ನೀವು ಇಲ್ಲಿ ಪರದೇಶಿಗಳು, ನಿಮ್ಮ ದನ, ಲಿನನ್ ಬಟ್ಟೆ, ಕಲ್ಲಿದ್ದಲು ಯಾವುದೂ ಒಳಗೆ ಬರುವಂತಿಲ್ಲ. ಆ ಹೊತ್ತಿಗೆ ಸ್ಕಾಟರ ಕೈಯಲ್ಲಿ ಕಾಸೂ ಇರಲಿಲ್ಲ. ಪನಾಮದ ಡೇರಿಯನ್‌ನಲ್ಲಿ ವಸಾಹತು ಕಟ್ಟಲು ಹೋಗಿ ದೇಶದ ಬಂಡವಾಳದ ದೊಡ್ಡ ಪಾಲು 1700ರ ಹೊತ್ತಿಗೆ ಮುಳುಗಿತ್ತು.

ಕೊನೆಗೆ ಎರಡೂ ನಾಡು ಒಂದಾಗುವ ಒಪ್ಪಂದ ಸಿದ್ಧವಾಯಿತು. ಅದರಲ್ಲಿ 25 ಕಲಮುಗಳು. ಸ್ಕಾಟ್ಲೆಂಡಿಗೆ 398085 ಪೌಂಡು 10 ಷಿಲಿಂಗು ಕೊಡುವುದು ಅಂತ ಚಿಲ್ಲರೆ ಸಮೇತ ಬರೆದಿದ್ದರು. ಡೇರಿಯನ್‌ನಲ್ಲಿ ಹಣ ಕಳೆದುಕೊಂಡವರಿಗೆ ಅದರಲ್ಲಿ ಪಾಲು ಇತ್ತು. ಓಟು ಹಾಕಿದವರಲ್ಲೇ ಹಲವರು ಡೇರಿಯನ್‌ನಲ್ಲಿ ದುಡ್ಡು ಕಳೆದುಕೊಂಡವರು, ಗೊತ್ತಲ್ವಾ! ಎಡಿನ್‌ಬರೋ ಬೀದಿಗಳಲ್ಲಿ ಗಲಭೆಯಾಯಿತು, ಊರೂರಿಂದ ವಿರೋಧದ ಅರ್ಜಿಗಳು ಬಂದವು. ಆದರೂ 1707ರ ಜನವರಿ 16ರಂದು ಸ್ಕಾಟ್ಲೆಂಡಿನ ಪಾರ್ಲಿಮೆಂಟಿನಲ್ಲಿ ಒಪ್ಪಂದದ ಪರವಾಗಿ 110 ಮತ ಬಿದ್ದು ಅದು ಪಾಸಾಯಿತು. ಮೇ 1ರಿಂದ ಎರಡೂ ಹಳೆಯ ರಾಜ್ಯಗಳು ಹೋಗಿ ಗ್ರೇಟ್ ಬ್ರಿಟನ್ ಎಂಬ ಒಂದೇ ರಾಜ್ಯ, ಒಂದೇ ಪಾರ್ಲಿಮೆಂಟು. ಸ್ಕಾಟ್ಲೆಂಡಿನ ಕಾನೂನು, ಕೋರ್ಟು, ಚರ್ಚು ಮಾತ್ರ ಬೇರೆಯಾಗಿಯೇ ಉಳಿದವು.

ಇಂಗ್ಲಿಷಿನಲ್ಲಿ 1603ಕ್ಕೂ ಯೂನಿಯನ್, 1707ಕ್ಕೂ ಯೂನಿಯನ್. ನಾವು ಎರಡಕ್ಕೂ ಒಕ್ಕೂಟ ಅಂದುಬಿಟ್ಟರೆ ಮಗು ಏನು ತಿಳಿದುಕೊಳ್ಳಬೇಕು?

ಒಕ್ಕೂಟದ ಬಗ್ಗೆ ನನ್ನ ತಕರಾರು ಇದು. ನಮ್ಮಲ್ಲಿ ಹಾಲು ಒಕ್ಕೂಟ ಇದೆ, ನೌಕರರ ಒಕ್ಕೂಟ ಇದೆ, ಭಾರತವೇ ರಾಜ್ಯಗಳ ಒಕ್ಕೂಟ. ಒಕ್ಕೂಟ ಅಂದ ಕೂಡಲೇ ಸದಸ್ಯರು ಬೇರೆ ಬೇರೆಯಾಗಿ ಉಳಿದಿದ್ದಾರೆ, ಅವರವರ ಅಧಿಕಾರ ಅವರವರಿಗಿದೆ ಅನ್ನುವ ಅರ್ಥ ಬರುತ್ತದೆ. 1707ರಲ್ಲಿ ಆಗಿದ್ದು ಅದಕ್ಕೆ ತದ್ವಿರುದ್ಧ. ಸ್ಕಾಟ್ಲೆಂಡಿನ ಪಾರ್ಲಿಮೆಂಟು ಬಾಗಿಲು ಹಾಕಿತು, ಮತ್ತೆ ಒಂದು ಪಾರ್ಲಿಮೆಂಟು ಬರಲು 1999ರ ತನಕ ಕಾಯಬೇಕಾಯಿತು. ಇವತ್ತಿಗೂ ಆ ಪಾರ್ಲಿಮೆಂಟು ವೆಸ್ಟ್‌ಮಿನ್‌ಸ್ಟರ್, ಅಂದರೆ ಲಂಡನ್ನಿನ ಪಾರ್ಲಿಮೆಂಟು, ಮಾಡಿದ ಕಾನೂನಿನ ಮೇಲೆ ನಿಂತಿದೆ. ನಮ್ಮ ವಿಧಾನಸಭೆಗೆ ಸಂವಿಧಾನದಲ್ಲಿರುವ ಜಾಗ ಅದಕ್ಕಿಲ್ಲ.

ಪತ್ರಿಕೆಗಳಲ್ಲಿ ಇನ್ನೊಂದು ಗೋಜಲು ಇದೆ. ಯುರೋಪಿಯನ್ ಯೂನಿಯನ್‌ಗೂ ಐರೋಪ್ಯ ಒಕ್ಕೂಟ ಅನ್ನುತ್ತೇವೆ. 2014ರ ಜನಮತಗಣನೆಯಲ್ಲಿ ಸ್ಕಾಟ್ಲೆಂಡಿನ ಶೇ. 55ರಷ್ಟು ಮತದಾರರು ‘ಒಕ್ಕೂಟದಲ್ಲೇ ಇರೋಣ’ ಅಂದರು. 2016ರ ಜನಮತಗಣನೆಯಲ್ಲಿ ಅದೇ ಸ್ಕಾಟ್ಲೆಂಡಿನ ಶೇ. 62ರಷ್ಟು ಮತದಾರರು ‘ಒಕ್ಕೂಟದಲ್ಲೇ ಇರೋಣ’ ಅಂದರು. ಮೊದಲನೆಯದು ಬ್ರಿಟನ್, ಎರಡನೆಯದು ಯುರೋಪು. ಆದರೆ ಬ್ರಿಟನ್ ಒಟ್ಟಾರೆಯಾಗಿ ಎರಡನೆಯದನ್ನು ಬಿಟ್ಟು ಹೊರಬಂತು. ಎರಡನೆಯದರಲ್ಲಿ ಇರಬೇಕಾದರೆ ಮೊದಲನೆಯದರಿಂದ ಹೊರಡಬೇಕು ಅನ್ನುವುದೇ ಈಗ ಅಲ್ಲಿನ ಸ್ವಾತಂತ್ರ್ಯವಾದಿಗಳ ವಾದ. ಇದನ್ನು ಒಕ್ಕೂಟ ಎಂಬ ಒಂದೇ ಪದದಲ್ಲಿ ಬರೆದು ನೋಡಿ, ಏನೂ ಅರ್ಥವಾಗುವುದಿಲ್ಲ.

ಸರಿ, ವಿಲೀನ? ನಮಗೆ ವಿಲೀನ ಅಂದರೆ 1947ರ ನಂತರ ದೇಶೀ ಸಂಸ್ಥಾನಗಳು ಭಾರತದಲ್ಲಿ ಸೇರಿಹೋದದ್ದು, ಅಥವಾ ಸಣ್ಣ ಬ್ಯಾಂಕು ದೊಡ್ಡ ಬ್ಯಾಂಕಿನಲ್ಲಿ ಕರಗಿದ್ದು. ಚಿಕ್ಕದು ಹೋಗುತ್ತದೆ, ದೊಡ್ಡದು ಉಳಿಯುತ್ತದೆ. ವೇಲ್ಸ್‌ಗೆ ಈ ಪದ ಚೆನ್ನಾಗಿ ಹೊಂದುತ್ತದೆ. ಎಂಟನೇ ಹೆನ್ರಿಯ ಕಾಲದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟೇ ಕಾನೂನು ಮಾಡಿ ವೇಲ್ಸನ್ನು ಸೇರಿಸಿಕೊಂಡಿತು. ಒಪ್ಪಂದವೂ ಇಲ್ಲ, ಎರಡು ಪಕ್ಷಗಳೂ ಇಲ್ಲ. ಬ್ರಿಟನ್ನಿನ ಬಾವುಟದಲ್ಲಿ ವೇಲ್ಸ್‌ಗೆ ಇವತ್ತಿಗೂ ಒಂದು ಗೆರೆಯೂ ಇಲ್ಲ.

ಸ್ಕಾಟ್ಲೆಂಡಿನ ವಿಷಯಕ್ಕೆ ಬಂದರೆ ಪೇಚು. ಕಾಗದದ ಮೇಲೆ ಅದು ಸಮಾನರ ಒಪ್ಪಂದ, ಎರಡೂ ಪಾರ್ಲಿಮೆಂಟು ಹೋಗಿ ಹೊಸದು ಬಂತು. ನಡೆದದ್ದು ನೋಡಿದರೆ ಪಾರ್ಲಿಮೆಂಟು ಅದೇ ಲಂಡನ್ನಿನಲ್ಲಿ, ಅದೇ ಕಟ್ಟಡದಲ್ಲಿ, ಅದೇ ರೂಢಿಗಳೊಂದಿಗೆ ಮುಂದುವರಿಯಿತು. ಇಂಗ್ಲೆಂಡಿನ ಸದಸ್ಯರು ಹೊಸ ಚುನಾವಣೆ ಕೂಡ ಎದುರಿಸದೆ ಹಾಗೇ ಕೂತರು. ಸ್ಕಾಟ್ಲೆಂಡಿನಿಂದ 45 ಜನ ಕೆಳಮನೆಗೆ, 16 ಜನ ಮೇಲ್ಮನೆಗೆ ಹೋಗಿ ಸೇರಿಕೊಂಡರು. ಹೊಸ ಪಾರ್ಲಿಮೆಂಟಿಗೆ ಇಂಗ್ಲೆಂಡಿನ ಗುಣಗಳೆಲ್ಲ ಬಂದು ಸ್ಕಾಟ್ಲೆಂಡಿನದು ಒಂದೂ ಬಾರದೇ ಹೋಗಿದ್ದು ಹೇಗೆ ಅಂತ 1953ರಲ್ಲಿ ಒಂದು ಮೊಕದ್ದಮೆಯಲ್ಲಿ ಸ್ಕಾಟ್ಲೆಂಡಿನ ನ್ಯಾಯಾಧೀಶ ಲಾರ್ಡ್ ಕೂಪರ್ ಕೇಳಿದ್ದರು.

ಆ ಮೊಕದ್ದಮೆ ಕೂಡ ಸ್ವಾರಸ್ಯದ್ದು. ಎರಡನೇ ಎಲಿಜಬೆತ್ ಎಂಬ ಹೆಸರಿನ ಮೇಲೇ ಜಗಳ. ಸ್ಕಾಟ್ಲೆಂಡಿಗೆ ಒಂದನೇ ಎಲಿಜಬೆತ್ ಇರಲೇ ಇಲ್ಲ, ಗ್ರೇಟ್ ಬ್ರಿಟನ್ನಿಗೂ ಇರಲಿಲ್ಲ, ಆಗ ಆ ರಾಜ್ಯವೇ ಹುಟ್ಟಿರಲಿಲ್ಲ. ಹಾಗಿದ್ದ ಮೇಲೆ ಎರಡನೆಯವಳು ಎಲ್ಲಿಂದ ಬಂದಳು ಅಂತ ಕೇಸು. ಕೋರ್ಟು ಕೇಸನ್ನು ತಳ್ಳಿಹಾಕಿತು. ಆದರೆ ಅದೇ ವರ್ಷ ಎಡಿನ್‌ಬರೋದ ಇಂಚ್ ಬಡಾವಣೆಯಲ್ಲಿ ಆ ‘ಎರಡು’ ಇದ್ದ ಹೊಸ ಅಂಚೆ ಡಬ್ಬಿಯನ್ನು ಸ್ಫೋಟಿಸಿದರು. ಆಮೇಲೆ ಸ್ಕಾಟ್ಲೆಂಡಿನ ಡಬ್ಬಿಗಳ ಮೇಲೆ ರಾಣಿಯ ಹೆಸರಿನ ಬದಲು ಸ್ಕಾಟ್ಲೆಂಡಿನ ಕಿರೀಟದ ಚಿತ್ರ ಬಂತು. ಒಪ್ಪಂದವೋ ವಿಲೀನವೋ ಅನ್ನುವ ಜಗಳ ಸುಮಾರು 250 ವರ್ಷದ ಮೇಲೂ ತಣ್ಣಗಾಗಿರಲಿಲ್ಲ. ನಾನು 1707ಕ್ಕೆ ವಿಲೀನ ಅಂತ ಬರೆದರೆ ಆ ಜಗಳದಲ್ಲಿ ಒಂದು ಪಕ್ಷ ಸೇರಿದ ಹಾಗೆ.

ಮೂರನೆಯದು ಏಕೀಕರಣ. ಕೇಳಲು ಚೆನ್ನಾಗಿದೆ, ನಮ್ಮದೇ ಪದ. ಆದರೆ ಕನ್ನಡದವರಿಗೆ ಏಕೀಕರಣ ಅಂದರೆ 1956. ಹರಿದು ಹಂಚಿಹೋಗಿದ್ದ ಒಂದೇ ಜನ ಮತ್ತೆ ಸೇರಿದ್ದು. ಇಂಗ್ಲಿಷರೂ ಸ್ಕಾಟರೂ ಹಾಗೆ ಹರಿದುಹೋದ ಒಂದೇ ಜನ ಅಲ್ಲ. ಅವರು ಶತಮಾನಗಳ ಕಾಲ ಕಾದಾಡಿದವರು.

ಐರ್ಲೆಂಡಿನ ವಿಷಯದಲ್ಲಂತೂ ಈ ಪದ ಅಪಾಯ. 1798ರ ದಂಗೆಯ ನಂತರ ಪ್ರಧಾನಿ ಪಿಟ್, ಐರ್ಲೆಂಡಿನ ಪಾರ್ಲಿಮೆಂಟನ್ನೂ ವೆಸ್ಟ್‌ಮಿನ್‌ಸ್ಟರಿಗೆ ಸೇರಿಸಿದ. 1801ರ ಜನವರಿ 1ರಿಂದ ‘ಗ್ರೇಟ್ ಬ್ರಿಟನ್ ಮತ್ತು ಐರ್ಲೆಂಡಿನ ಯುನೈಟೆಡ್ ಕಿಂಗ್‌ಡಮ್’. ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕು ಸಿಗುತ್ತದೆ ಅನ್ನುವ ಆಸೆ ಹುಟ್ಟಿಸಿದ್ದರು. ಮೂರನೇ ಜಾರ್ಜ್ ಒಪ್ಪಲಿಲ್ಲ, ಪಿಟ್ ರಾಜೀನಾಮೆ ಕೊಟ್ಟ. ಆ ಹಕ್ಕು ಬಂದದ್ದು 1829ರಲ್ಲಿ. 1922ರಲ್ಲಿ ಐರ್ಲೆಂಡಿನ ಬಹುಭಾಗ ಹೊರಟೇಹೋಯಿತು. ಉತ್ತರದ ಆರು ಕೌಂಟಿಗಳು ಬ್ರಿಟನ್ನಿನ ಜೊತೆಗೇ ಉಳಿದವು.

ಅಲ್ಲಿ ಬ್ರಿಟನ್ನಿನ ಜೊತೆಗೇ ಇರಬೇಕು ಅನ್ನುವವರು ಯೂನಿಯನಿಸ್ಟರು. ಅವರನ್ನು ‘ಏಕೀಕರಣವಾದಿಗಳು’ ಅಂತ ಬರೆದರೆ ಕನ್ನಡದ ಓದುಗರು ಏನು ತಿಳಿಯುತ್ತಾರೆ? ಒಡೆದ ಐರ್ಲೆಂಡನ್ನು ಒಂದು ಮಾಡಲು ಹೊರಟವರು ಅಂತ. ಅವರು ವಿರೋಧಿಸುವುದೇ ಅದನ್ನು! ಐರ್ಲೆಂಡ್ ಒಂದಾಗಬೇಕು ಅನ್ನುವವರು ಅವರ ಎದುರು ಪಕ್ಷದ ರಾಷ್ಟ್ರೀಯವಾದಿಗಳು. ಒಂದೇ ಪದ ಸಾಕು, ಇಡೀ ಬೆಲ್‌ಫಾಸ್ಟಿನ ರಾಜಕೀಯ ತಲೆಕೆಳಗಾಗುತ್ತದೆ.

ಇಷ್ಟೆಲ್ಲ ಯೋಚಿಸಿ ನಾನು ಸದ್ಯಕ್ಕೆ ಎರಡು ಪದ ಇಟ್ಟುಕೊಂಡಿದ್ದೇನೆ. 1603ಕ್ಕೆ ‘ಜೊತೆಗೂಡಿಕೆ’, 1707 ಮತ್ತು 1801ಕ್ಕೆ ‘ಒಂದುಗೂಡಿಕೆ’. ಜೊತೆಗೂಡಿದವರು ಇಬ್ಬರಾಗಿಯೇ ಇರುತ್ತಾರೆ. ಒಂದುಗೂಡಿದವರು ಒಂದಾಗುತ್ತಾರೆ. ಜೊತೆಗೂಡಿಕೆ ಬೇರೆ ಕಡೆಗೂ ಒಗ್ಗುತ್ತದೆ. 1814ರಿಂದ 1905ರ ತನಕ ಸ್ವೀಡನ್ ಮತ್ತು ನಾರ್ವೆಗೆ ಒಬ್ಬನೇ ದೊರೆ ಇದ್ದ. 1714ರಿಂದ 1837ರ ತನಕ ಬ್ರಿಟನ್ ಮತ್ತು ಹ್ಯಾನೋವರ್‌ಗೂ ಹಾಗೇ. ವಿಕ್ಟೋರಿಯಾ ಪಟ್ಟಕ್ಕೆ ಬಂದಾಗ, ಹೆಣ್ಣಿಗೆ ಹ್ಯಾನೋವರ್ ಸಿಗುವಂತಿಲ್ಲ ಅಂತ ಅದು ಚಿಕ್ಕಪ್ಪನ ಪಾಲಾಯಿತು, ಅಲ್ಲಿಗೆ ಜೊತೆ ಮುಗಿಯಿತು. ಇವತ್ತು ಮೂರನೇ ಚಾರ್ಲ್ಸ್ ಬ್ರಿಟನ್ನಿಗೂ ಕೆನಡಾ, ಆಸ್ಟ್ರೇಲಿಯಾಗಳಿಗೂ ಬೇರೆ ಬೇರೆಯಾಗಿ ದೊರೆ. ಅದೂ ಇದೇ ಜಾತಿಯದು.

ಸುಮ್ನೆ ‘ಕೂಡಿಕೆ’ ಸಾಲದೇ ಅಂತ ಒಬ್ಬ ಗೆಳೆಯರು ಕೇಳಿದರು. ಕೆಲವು ಸಮುದಾಯಗಳಲ್ಲಿ ಕೂಡಿಕೆ ಅಂದರೆ ವಿಧವೆಯ ಮರುಮದುವೆ. ಇಂಗ್ಲೆಂಡು, ಸ್ಕಾಟ್ಲೆಂಡುಗಳ ನಡುವೆ ನಡೆದದ್ದಕ್ಕೆ ಅದು ಒಪ್ಪಿದರೂ ಒಪ್ಪಬಹುದು, ಆದರೆ ಶಾಲೆಯ ಪುಸ್ತಕದಲ್ಲಿ ಬೇಡ.

ಯುನೈಟೆಡ್ ಕಿಂಗ್‌ಡಮ್‌ಗೆ ಏನು ಹೇಳೋಣ ಅನ್ನುವುದು ಬೇರೆ ತಲೆನೋವು. ಸಂಯುಕ್ತ ಸಂಸ್ಥಾನ ಅಮೆರಿಕಕ್ಕೆ ಹೋಗಿಯಾಯಿತು. ಸಂಯುಕ್ತ ರಾಜ್ಯ ಅಂದರೆ ರಾಜ್ಯ ಪದಕ್ಕೆ ಈಗ ಕರ್ನಾಟಕ, ಕೇರಳದ ಅರ್ಥವೇ ಮೊದಲು ಬರುತ್ತದೆ. ನಾನು ಬ್ರಿಟನ್ ಅಂತಲೇ ಬರೆಯುತ್ತಿದ್ದೇನೆ. ಇಂಗ್ಲೆಂಡ್ ಅಂತ ಮಾತ್ರ ಬರೆಯುವುದಿಲ್ಲ. ನಮ್ಮ ಪಠ್ಯಗಳು ಎಲ್ಲರನ್ನೂ ಇಂಗ್ಲಿಷರು, ಆಂಗ್ಲರು ಅಂತಲೇ ಕರೆದಿವೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೈರ್ಡ್ ಸ್ಕಾಟ್ಲೆಂಡಿನವನು. ಆಮೇಲೆ ಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದವನು. ಆಗಿನ್ನೂ ಐರ್ಲೆಂಡ್ ಬೇರೆ ರಾಜ್ಯ, ಬ್ರಿಟಿಷ್ ಬಾವುಟದಲ್ಲಿ ಐರ್ಲೆಂಡಿನ ಕೆಂಪು ಓರೆ ಶಿಲುಬೆ ಇರಲಿಲ್ಲ. ಚಿತ್ರ ಬರೆಯುವವರು ಗಮನಿಸಿ. ಇನ್ನು ನಮ್ಮ ಕಬ್ಬನ್ ಸಾಹೇಬರು ಹುಟ್ಟಿದ್ದು ಐಲ್ ಆಫ್ ಮ್ಯಾನ್‌ನಲ್ಲಿ. ಅದು ಬ್ರಿಟಿಷ್ ದೊರೆಗೆ ಸೇರಿದ್ದು, ಆದರೆ ಯುನೈಟೆಡ್ ಕಿಂಗ್‌ಡಮ್‌ನ ಭಾಗವೇ ಅಲ್ಲ.

ಕೊನೆಗೆ ‘ಸಾಂವಿಧಾನಿಕ ರಾಜಪ್ರಭುತ್ವ’. ನಮ್ಮ ಮಕ್ಕಳಿಗೆ ಸಂವಿಧಾನ ಅಂದರೆ ಒಂದು ಪುಸ್ತಕ. ಬ್ರಿಟನ್ನಿಗೆ ಅಂಥ ಪುಸ್ತಕವಿಲ್ಲ. 1689ರ ಹಕ್ಕುಗಳ ಮಸೂದೆ, 1701ರ ಉತ್ತರಾಧಿಕಾರದ ಕಾನೂನು, ಈ ಒಂದುಗೂಡಿಕೆಯ ಕಾನೂನುಗಳು, ಜೊತೆಗೆ ಯಾರೂ ಬರೆದಿಡದ ರೂಢಿಗಳು ಸೇರಿ ದೊರೆಯನ್ನು ಕಟ್ಟಿಹಾಕಿವೆ. ಪಾರ್ಲಿಮೆಂಟು ಒಪ್ಪಿದ ಮಸೂದೆಗೆ ದೊರೆಯ ಕಡೆಯಿಂದ ಕೊನೆಯ ಸಲ ಇಲ್ಲ ಅಂದದ್ದು 1708ರಲ್ಲಿ, ರಾಣಿ ಆ್ಯನ್. ಅದು ಸ್ಕಾಟ್ಲೆಂಡಿನ ನಾಗರಿಕ ಪಡೆಯ ಮಸೂದೆ, ಒಂದುಗೂಡಿ ಇನ್ನೂ ವರ್ಷವಾಗಿರಲಿಲ್ಲ. ‘ಕಟ್ಟಳೆಗೊಳಪಟ್ಟ ಅರಸೊತ್ತಿಗೆ’ ಅಂತ ಬರೆದು ನೋಡಿದೆ. ಅರ್ಥ ಸರಿಯಾಗಿದೆ, ಬಾಯಿಗೆ ಮಾತ್ರ ಉದ್ದ.

ನನಗೆ ಬೇಕಾದದ್ದು ಇಷ್ಟು. ಜೊತೆಗೂಡಿಕೆ, ಒಂದುಗೂಡಿಕೆಗಳ ವ್ಯತ್ಯಾಸ ವಿವರಣೆಯಿಲ್ಲದೆ ತಿಳಿಯುತ್ತದೆಯೇ? ಅರಸೊತ್ತಿಗೆಗೆ ಇದಕ್ಕಿಂತ ಚಿಕ್ಕ ವಿಶೇಷಣ ಹೊಳೆಯುತ್ತದೆಯೇ? ಯೂನಿಯನಿಸ್ಟ್ ಪದವನ್ನು ಹಾಗೇ ಬಿಡಬೇಕೆಂದು ನನ್ನ ಮನಸ್ಸು. ‘ಬ್ರಿಟನ್ ಪರ’ ಅಂದರೆ ಸಾಕು ಅನ್ನುವವರಿದ್ದರೆ ಒಂದು ಮಾತು: 1912ರಿಂದ ಕನ್ಸರ್ವೇಟಿವ್ ಪಕ್ಷದ ಪೂರ್ತಿ ಹೆಸರಿನಲ್ಲೂ ಯೂನಿಯನಿಸ್ಟ್ ಇದೆ. ಅಲ್ಲಿ ‘ಬ್ರಿಟನ್ ಪರ’ ಹಾಕಿದರೆ ಹೇಗೆ ಓದಿಸಿಕೊಳ್ಳುತ್ತದೆ ಅಂತ ನೋಡಿ ಹೇಳಿ.