ಮಳೆಗಾಲಕ್ಕೆ ಮುಂಚೆ ಎಂಜಿನ್ನಿಗೆ ಸಿಹಿನೀರು

ತಮ್ಮಾ, ದೋಣಿಯನ್ನು ಈ ವರ್ಷ ನಾವೇ ತಯಾರು ಮಾಡಿ ದಡಕ್ಕೆ ಏರಿಸೋಣ ಎಂದು ಬರೆದೆಯಲ್ಲ, ಓದಿ ಬಹಳ ಸಂತೋಷವಾಯಿತು. ಆದರೆ ನೀನು ಕಳಿಸಿದ ವಿದೇಶದ ವಿಡಿಯೊ ನೋಡಿ ಆಂಟಿಫ್ರೀಜ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ಹುಡುಕಲು ಹೋಗಬೇಡ. ಅಲ್ಲಿ ಚಳಿಗಾಲಕ್ಕೆ ಎಂಜಿನ್ನಿನೊಳಗೆ ಉಳಿದ ನೀರು ಮಂಜುಗಡ್ಡೆಯಾಗಿ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಲೋಹವನ್ನೇ ಸೀಳುತ್ತದೆ. ಕಾರವಾರದಲ್ಲಿ ನಮಗೆ ಆ ಭಯವಿಲ್ಲ. ನಮ್ಮ ಎಂಜಿನ್ನನ್ನು ತಿನ್ನುವುದು ಉಪ್ಪು.

ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧ, ಬೈತಖೋಲ ಬಂದರಿನಲ್ಲಿ ಟ್ರಾಲರ್‌ಗಳು ಲಂಗರು ಹಾಕಿರುತ್ತವೆ. ನಮ್ಮದು ಸಣ್ಣ ದೋಣಿ, ನಿಷೇಧ ಅದಕ್ಕಿಲ್ಲ ನಿಜ. ಆದರೂ ಆ ಕಡಲಿಗೆ ಇಳಿಯುವ ಮಾತೇ ಬೇಡ.

ಮೊದಲು ದೊಡ್ಡ ಡ್ರಮ್ಮಿನಲ್ಲಿ ಎಂಜಿನ್ನಿನ ಕಾಲು, ಅಂದರೆ ಪ್ರೊಪೆಲ್ಲರ್ ಇರುವ ಕೆಳಭಾಗ, ಇಳಿಬಿಟ್ಟು, ನೀರು ಹೀರುವ ಕಿಂಡಿಗಳು ಪೂರ್ತಿ ಮುಳುಗುವಷ್ಟು ನೀರು ತುಂಬು. ಕಾಳಿ ನದಿಯ ನೀರು ಮಾತ್ರ ಬೇಡ. ಕೋಡಿಬಾಗದಲ್ಲಿ ಭರತ ಬಂದಾಗ ನದಿಯೇ ಉಪ್ಪಾಗಿರುತ್ತದೆ. ಬಾವಿಯ ನೀರೇ ಆಗಬೇಕು. ನೀರಿಲ್ಲದೆ ಎಂಜಿನ್ನನ್ನು ಒಂದು ಕ್ಷಣವೂ ಚಾಲೂ ಮಾಡಬೇಡ, ಪಂಪಿನೊಳಗಿನ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ. ನಿಧಾನ ವೇಗದಲ್ಲಿ ಹದಿನೈದು ನಿಮಿಷ ಓಡಲಿ. ಎಂಜಿನ್ ಬಿಸಿಯಾಗಿ ಥರ್ಮೊಸ್ಟಾಟ್ (ಬಿಸಿಗೆ ತೆರೆಯುವ ನೀರಿನ ಕವಾಟ) ತೆರೆದರೆ ಮಾತ್ರ ಸಿಹಿನೀರು ಒಳಗಿನ ಮೂಲೆಮೂಲೆಗೆ ತಲುಪುತ್ತದೆ, ಎರಡು ನಿಮಿಷದ ತೊಳೆತ ಪ್ರಯೋಜನವಿಲ್ಲ. ಕೊನೆಗೆ ಪೆಟ್ರೋಲ್ ಪೈಪ್ ಕಳಚಿಬಿಡು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಖಾಲಿಯಾಗಿ ಎಂಜಿನ್ ತಾನೇ ನಿಲ್ಲಲಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಮಳೆಗಾಲದ ತೇವವನ್ನು ಎಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ಉಳಿದದ್ದನ್ನೂ ತೆಗೆದುಬಿಡು.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಎಂಜಿನ್ ಚಾಲೂ ಮಾಡುವ ಹಗ್ಗವನ್ನು ನಾಲ್ಕೈದು ಸಲ ಮೆಲ್ಲಗೆ ಎಳೆ.

ಈಗ ಹೇಳುವುದನ್ನು ಗಮನವಿಟ್ಟು ಕೇಳು. ಕೆಳಗಿನ ಗೇರ್ ಆಯಿಲನ್ನು ಆಗಸ್ಟಿಗೆ ಬದಲಿಸಿದರಾಯಿತು ಎಂದು ಬಿಡಬೇಡ. ನಾನು ಒಂದು ವರ್ಷ ಹಾಗೆಯೇ ಬಿಟ್ಟಿದ್ದೆ. ಪ್ರೊಪೆಲ್ಲರಿನ ಹಿಂದೆ ನೈಲಾನ್ ದಾರ ಸುತ್ತಿಕೊಂಡು, ನೀರು ಒಳಬರದಂತೆ ತಡೆಯುವ ಸೀಲ್ ಕತ್ತರಿಸಿತ್ತು, ಉಪ್ಪುನೀರು ಒಳಗೆ ಸೇರಿತ್ತು. ಮಳೆ ನಿಂತ ಮೇಲೆ ಬಿಚ್ಚಿದರೆ ಗೇರಿನ ಹಲ್ಲುಗಳೆಲ್ಲ ತುಕ್ಕು. ನಿನ್ನ ಚಿಕ್ಕಮ್ಮ ಕೂಡಿಟ್ಟಿದ್ದ ಹಣ ಅದಕ್ಕೇ ಹೋಯಿತು, ಆ ಸಂಕಟವನ್ನು ನಾನು ಮರೆತಿಲ್ಲ. ಆದ್ದರಿಂದ ಪ್ರೊಪೆಲ್ಲರ್ ಕಳಚಿ ದಾರ ಇದೆಯೇ ನೋಡು, ಗ್ರೀಸ್ ಹಚ್ಚು. ಗೇರ್ ಬಾಕ್ಸಿನ ಎರಡೂ ತಿರುಪು ಬಿಚ್ಚಿ ಎಣ್ಣೆ ಇಳಿಸು. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದೇ ಅರ್ಥ, ಸೀಲ್ ಹಾಕಿಸಲೇಬೇಕು. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ತುಂಬು. ಮೇಲಿನ ತೂತಿನಲ್ಲಿ ಉಕ್ಕಿದ ಮೇಲೆ ಮೊದಲು ಮೇಲಿನ ತಿರುಪು, ಬಳಿಕ ಕೆಳಗಿನದು.

ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿ ಇಡು, ನೀರು ಬಸಿಯಲಿ. ಬ್ಯಾಟರಿ ಮನೆಯೊಳಗೆ ಬರಲಿ. ದೋಣಿಯ ಮುಂಭಾಗ ಎತ್ತರಿಸಿ, ಹಿಂದಿನ ಬಿರಡೆ ತೆಗೆದು, ಹಳೆಯ ಟಯರುಗಳ ಮೇಲೆ ಕೂರಿಸು. ತಾಡಪಾಲು ಬಿಗಿಯಾಗಿ ಸುತ್ತಬೇಡ, ಗಾಳಿ ಆಡಬೇಕು. ತೆಂಗಿನ ಮರದ ಕೆಳಗಂತೂ ಇಡಲೇಬೇಡ, ಗಾಳಿಮಳೆಗೆ ಒಂದು ಕಾಯಿ ಬಿದ್ದರೂ ಫೈಬರ್ ಒಡೆಯುತ್ತದೆ.

ಭಾನುವಾರ ಬೆಳಿಗ್ಗೆ ಗೇರ್ ಆಯಿಲ್ ಹಿಡಿದುಕೊಂಡು ನಾನೇ ಬರುತ್ತೇನೆ. ನೀನು ಡ್ರಮ್ ತುಂಬಿಸಿಟ್ಟಿರು.